ಎರಡು ಡಿಗ್ರಿ ಲಾಭ

ಮನೆಯ ಫ್ರಿಜ್ಜನ್ನು ಬಂದ್ ಮಾಡಿದ್ದು ಒಂದು ಸೋಮವಾರ. ಮಗ ಅದರ ಪ್ಲಗ್ ಕಿತ್ತು, ವಯರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಒಳಗೆ ಬೂಷ್ಟು ಹಿಡಿಯದಿರಲೆಂದು ಬಾಗಿಲ ಸಂದಿಗೆ ಒಂದು ಚಮಚ ಸಿಕ್ಕಿಸಿದ. ನೆಲಮಹಡಿಯಲ್ಲಿ ಇಪ್ಪತ್ತಡಿ ಉದ್ದದ ಕೋಲ್ಡ್ ರೂಮು ಹಗಲೂ ರಾತ್ರಿ ಓಡುತ್ತಿರುವಾಗ ಅದರ ನೆತ್ತಿಯ ಮೇಲೆ ಇನ್ನೊಂದು ಪೆಟ್ಟಿಗೆಯನ್ನು ತಂಪು ಮಾಡುತ್ತ ಕೂರುವುದು ಬುದ್ಧಿಯಿದ್ದವರ ಕೆಲಸವಲ್ಲ ಎಂದು ಹೇಳಿದ. ಮಾತು ಅವನದಲ್ಲ, ತಜ್ಞರದು. ಹಿಂದಿನ ವಾರ ಬಂದಿದ್ದ ಕರೆಂಟು ಉಳಿತಾಯದ ತಜ್ಞರು ಮೂರು ಉಪಕರಣ, ಎರಡು ಪೆನ್ನು ಮತ್ತು ಒಂದು ಕರಾರುಪತ್ರ ತಂದಿದ್ದರು. ಒಂದು ವರ್ಷ ಎಷ್ಟು ಉಳಿಯುತ್ತದೋ ಅದರಲ್ಲಿ ಮೂರರಲ್ಲೊಂದು ಪಾಲು ಅವರಿಗೆ. ಉಳಿಯದಿದ್ದರೆ ಏನೂ ಕೊಡಬೇಕಾಗಿಲ್ಲ. ಇಷ್ಟು ನ್ಯಾಯವಾದ ಮನುಷ್ಯನನ್ನು ತಾನು ನೋಡಿಯೇ ಇಲ್ಲ ಎಂದು ಮಗ ಊಟದ ಹೊತ್ತಿಗೆ ನಾಲ್ಕು ಸಲ ಹೇಳಿದ.

"ಇನ್ಮೇಲೆ ಒಂದು ಲೋಟ ಹಾಲಿಗೆ ಇಪ್ಪತ್ತೊಂದು ಮೆಟ್ಟಿಲು ಇಳೀಬೇಕಾ ನಾನು?" ಎಂದು ತಾಯಿ ಕೇಳಿದರು.

"ಇಳಿದು ಹತ್ತಿದ್ರೆ ಮಂಡಿಗೆ ಒಳ್ಳೇದಮ್ಮ."

"ಯಾರ ಮಂಡಿಗೆ?"

ಮಗ ಒಲೆಯ ಮೇಲಿನ ಸಾರಿನ ಕಡೆ ಕೈ ತೋರಿಸಿದ. ಸಾರಿನ ಪಾತ್ರೆ ಆರಿದ ಮೇಲೆಯೇ ಕೆಳಗೆ ಒಯ್ಯಬೇಕು, ಬಿಸಿ ಇರುವಾಗ ಒಳಗಿಟ್ಟರೆ ಅಷ್ಟು ಬಿಸಿಯನ್ನೂ ದುಡ್ಡು ಕೊಟ್ಟು ಹೊರಗೆ ಹಾಕಿಸಿದಂತೆ ಎಂದು ವಿವರಿಸಿದ. ಬಾಗಿಲು ಒಂದು ಸಲ ತೆರೆದರೆ ಎಷ್ಟು ಪೈಸೆ ಎಂಬುದನ್ನೂ ಹೇಳಿದ. ಅವತ್ತಿನಿಂದ ತಾಯಿ ಕೋಲ್ಡ್ ರೂಮಿನ ಬಾಗಿಲು ತೆರೆಯುವಾಗಲೆಲ್ಲ ಮೇಲೆ ಕೇಳುವಂತೆ "ಬಂತು ಪೈಸೆ, ಹೋಯ್ತು ಪೈಸೆ" ಎನ್ನುವುದನ್ನು ರೂಢಿ ಮಾಡಿಕೊಂಡರು.

ಕೋಲ್ಡ್ ರೂಮನ್ನು ಕಟ್ಟಿದ್ದು ಮಗನ ಅಪ್ಪ. ಮೂವತ್ತು ವರ್ಷ ಊರಿನವರ ಫ್ರಿಜ್ಜು ರಿಪೇರಿ ಮಾಡಿ, ಗುಜರಿಗೆ ಬಂದ ಥರ್ಮೋಕೋಲ್ ಹಲಗೆಗಳನ್ನು ಒಂದೊಂದಾಗಿ ಕೂಡಿಸಿ, ತಮ್ಮ ಮನೆಯ ಕೆಳಗೇ ಅದನ್ನು ನಿಲ್ಲಿಸಿದ್ದರು. ಬೀದಿಯವರು ಅವರನ್ನು ಯಜಮಾನರು ಎನ್ನುತ್ತಿದ್ದರು. ಹಾಸಿಗೆಯಲ್ಲಿ ಮಲಗಿದ್ದುಕೊಂಡೇ ಕಂಪ್ರೆಸರಿನ ಸದ್ದು ಕೇಳಿ, ಕೆಳಗೆ ಬಾಗಿಲು ಸರಿಯಾಗಿ ಹಾಕಿಲ್ಲ ಎಂದು ಹೇಳಬಲ್ಲವರು. ಆರು ಮಂದಿ ಹಣ್ಣಿನ ವ್ಯಾಪಾರಿಗಳು ಅಲ್ಲಿ ಪೆಟ್ಟಿಗೆ ಇಡುತ್ತಿದ್ದರು. ಬಾಗಿಲ ಮೇಲೆ ಕೆಂಪು ಅಂಕಿಯ ಥರ್ಮಾಮೀಟರು. ಅದರ ಅಂಕಿಗೆ ತಕ್ಕಂತೆಯೇ ಕಂಪ್ರೆಸರು ಓಡುವುದು, ನಿಲ್ಲುವುದು. ಹದಿಮೂರು ವರ್ಷದಿಂದ ಅದು ಎರಡು ಎಂದೇ ತೋರಿಸುತ್ತಿತ್ತು. ವ್ಯಾಪಾರಿಗಳು ಮೊದಲು ಅಂಕಿಯನ್ನು ನೋಡುತ್ತಿದ್ದರು, ಆಮೇಲೆ ಹಣ್ಣನ್ನು.

ಆ ಕೋಣೆಯೊಳಗೆ ಒಂದು ಸ್ಟ್ಯಾಂಡು ಮಾತ್ರ ಸೊಸೆಯದು. ಮೇಲಿನ ಅಡುಗೆಮನೆಯಲ್ಲಿ ಕೆನೆ ಕಡೆದು, ಸಣ್ಣ ಬನ್ನಿಗೆ ತುಂಬಿ, ಸಂಜೆ ತಟ್ಟೆ ತಟ್ಟೆಯಾಗಿ ಕೆಳಗೆ ಜೋಡಿಸಿಟ್ಟರೆ ಬೆಳಿಗ್ಗೆ ಹೋಟೆಲಿನ ವ್ಯಾನು ಬಂದು ಒಯ್ಯುತ್ತಿತ್ತು. ದಿನಕ್ಕೆ ಇನ್ನೂರು. ಎರಡು ವರ್ಷ ಬೇಕರಿಗಳಿಗೆ ಡಜನ್ ಲೆಕ್ಕದಲ್ಲಿ ಕೊಟ್ಟು, ನಾಲ್ಕು ಸಲ ರುಚಿ ನೋಡಿಸಿ, ಅಡುಗೆಮನೆ ತೋರಿಸಿ, ಉಗುರು ತೋರಿಸಿ ಪಡೆದ ಆರ್ಡರು ಅದು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವಳ ಹೆಸರಿಗೆ ಬಂದ ಮೊದಲ ಕಾಗದ ಹೋಟೆಲಿನದು. ಅದನ್ನು ಅಕ್ಕಿ ಡಬ್ಬಿಯ ಮೇಲಿನ ಗೋಡೆಗೆ ಅಂಟಿಸಿದ್ದಳು. ಅತ್ತೆಗೆ ಓದಲು ಕನ್ನಡಕ ಬೇಕು, ಆದರೂ ಬಂದವರಿಗೆಲ್ಲ ಕನ್ನಡಕವಿಲ್ಲದೆ ಓದಿ ಹೇಳುತ್ತಿದ್ದರು.

ತಜ್ಞರು ಮಾಡಿಸಿದ ಕೆಲಸದಲ್ಲಿ ಅರ್ಧಕ್ಕೆ ಯಜಮಾನರು ತಕರಾರೆತ್ತಲಿಲ್ಲ. ಬಾಗಿಲ ಸುತ್ತ ಬಿರಿದಿದ್ದ ರಬ್ಬರನ್ನು ಬದಲಿಸಿದರು. ಹಿಂದಿನ ಜಾಲರಿಗೆ ಕಂಬಳಿಯಂತೆ ಕವಿದಿದ್ದ ಧೂಳನ್ನು ಬ್ರಷ್ಷಿನಿಂದ ತೆಗೆಸಿದರು. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಯ ಪರದೆ ಬಂತು, ಒಳಗಿನ ಹಳದಿ ಬಲ್ಬುಗಳು ಹೋದವು. ಇವನ್ನೆಲ್ಲ ಯಜಮಾನರು ಎಂಟು ವರ್ಷದಿಂದ ಹೇಳುತ್ತಲೇ ಇದ್ದರು. ಪುಕ್ಕಟೆ ಹೇಳಿದ್ದರಿಂದ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಜಗಳ ಬಂದದ್ದು ಅಂಕಿಯ ವಿಷಯಕ್ಕೆ. ಹಣ್ಣಿಗೆ ಎರಡು ಡಿಗ್ರಿ ಯಾಕೆ, ನಾಲ್ಕು ಧಾರಾಳ ಸಾಕು. ಒಂದೊಂದು ಡಿಗ್ರಿ ಇಳಿಸುವುದಕ್ಕೂ ಕಂಪ್ರೆಸರು ದುಡ್ಡು ತಿನ್ನುತ್ತದೆ ಎಂದರು ತಜ್ಞರು. ಸಂಜೆ ಆರರಿಂದ ಒಂಬತ್ತರವರೆಗೆ ಕರೆಂಟಿನ ದರ ಹೆಚ್ಚು, ಆ ಮೂರು ಗಂಟೆ ಪೂರ್ತಿ ನಿಲ್ಲಿಸಿಬಿಡಿ. ಕೋಣೆಯೆಂದರೆ ಒಂದು ತೊಟ್ಟಿ ಇದ್ದ ಹಾಗೆ, ಹಗಲು ತಂಪು ತುಂಬಿಸಿಟ್ಟುಕೊಂಡು ಸಂಜೆ ಖರ್ಚು ಮಾಡುವುದು.

"ನಾಲ್ಕು ಬೇಡ," ಎಂದರು ಯಜಮಾನರು.

"ಯಾಕಪ್ಪ?"

"ಬೇಡ ಅಂದೆನಲ್ಲ."

"ಕಾರಣ ಹೇಳು. ಇವರು ಪುಸ್ತಕ ತೋರಿಸಿ ಹೇಳ್ತಿದಾರೆ. ನೀನೂ ಏನಾದ್ರೂ ತೋರಿಸು."

ಯಜಮಾನರು ತಮ್ಮ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡು ಎದ್ದು ಹೋದರು. ವಯಸ್ಸಾದವರಿಗೆ ಹೊಸದನ್ನು ಒಪ್ಪಿಕೊಳ್ಳುವುದು ಕಷ್ಟ, ಎಲ್ಲ ಮನೆಯಲ್ಲೂ ಇದ್ದದ್ದೇ ಎಂದು ತಜ್ಞರು ಸಮಾಧಾನ ಹೇಳಿದರು. ನಾಲ್ಕು ಡಿಗ್ರಿಯಲ್ಲಿ ಹಣ್ಣು ಚೆನ್ನಾಗಿಯೇ ಇರುತ್ತದೆ ಎಂಬ ಒಂದು ಮುದ್ರೆ ಹಾಕಿದ ಹಾಳೆಯನ್ನು ಬಾಗಿಲ ಪಕ್ಕ ಅಂಟಿಸಲಾಯಿತು. ಹಾಳೆ ನೋಡಿ ವ್ಯಾಪಾರಿಗಳು ಗೊಣಗಿದರು. ಬಾಡಿಗೆಯಲ್ಲಿ ಸ್ವಲ್ಪ ಇಳಿಸಿದ ಮೇಲೆ ನಾಲ್ಕು ಕೂಡ ತಂಪೇ ಎಂದು ಒಪ್ಪಿದರು.

ಎರಡನೆಯ ವಾರ ಹಾಲು ಒಡೆಯಿತು. ಮನೆಯ ಫ್ರಿಜ್ಜಿನಲ್ಲಿ ನಾಲ್ಕು ದಿನ ಬರುತ್ತಿದ್ದ ಹಾಲು ಎರಡನೆಯ ದಿನವೇ ಒಲೆಯ ಮೇಲೆ ಮುದ್ದೆಯಾಯಿತು. ತಾಯಿ ಪಾತ್ರೆಯನ್ನು ತಂದು ಮಗನ ಮುಂದಿಟ್ಟರು.

"ಮುಚ್ಚಳ ಸರಿಯಾಗಿ ಹಾಕಿರಲ್ಲ ನೀನು."

"ನಲವತ್ತು ವರ್ಷದಿಂದ ಹಾಲಿಗೆ ಮುಚ್ಚಳ ಹಾಕ್ತಿದೀನಿ ಕಣೋ. ನಿಮ್ಮಪ್ಪನ ಬಾಯಿಗೆ ಒಂದು ಹಾಕೋಕಾಗಿಲ್ಲ, ಅಷ್ಟೇ."

ಬಾಯಿಗೆ ಮುಚ್ಚಳವಿಲ್ಲದವರು ಎಂದು ಹೆಸರಾಗಿದ್ದ ಯಜಮಾನರು ಅವತ್ತು ಒಂದು ಮಾತೂ ಆಡಲಿಲ್ಲ. ಕಾಫಿಗೆ ಹಾಲಿಲ್ಲವೆಂದಾಗ ಕಪ್ಪು ಕಾಫಿಯನ್ನೇ ಕುಡಿದರು. ಮರುದಿನವೂ ಹಾಗೆಯೇ. ಮಾವನವರಿಗೆ ಮೈ ಸರಿಯಿಲ್ಲವೇನೋ ಎಂದು ಸೊಸೆ ಗಂಡನಿಗೆ ಹೇಳಿದಳು. ಸೋತದ್ದಕ್ಕೆ ಮುನಿಸು, ಬಿಲ್ಲು ಬಂದ ಮೇಲೆ ಸರಿಹೋಗುತ್ತದೆ ಎಂದ ಅವನು.

ಬಿಲ್ಲು ಬಂತು. ಹಿಂದಿನ ತಿಂಗಳಿಗಿಂತ ಕಾಲು ಭಾಗ ಕಡಿಮೆ. ಮಗ ಅದನ್ನು ಮಡಿಚದೆ ಊಟದ ಮೇಜಿನ ಮೇಲೆ ಹರಡಿದ. ನೀರಿನ ಚೊಂಬು, ಉಪ್ಪಿನ ಬಟ್ಟಲುಗಳನ್ನು ಅದರ ಸುತ್ತ ಇಡಬೇಕಾಯಿತು. ತಜ್ಞರ ಪಾಲು ತೆಗೆದ ಮೇಲೂ ಉಳಿಯುವುದರಲ್ಲಿ ವರ್ಷದೊಳಗೆ ಹೊಸ ಕಂಪ್ರೆಸರನ್ನೇ ಹಾಕಬಹುದು ಎಂದ. "ನೋಡಪ್ಪ, ಯಾರ ಮಾಲು ಕೆಟ್ಟಿದೆ ಹೇಳು," ಎಂದು ಅಪ್ಪನನ್ನು ಕೇಳಿದ.

ಯಜಮಾನರು, "ಹಣ್ಣು ಗಟ್ಟಿ, ತಡ್ಕೊಳ್ಳುತ್ತೆ," ಎಂದಷ್ಟೇ ಹೇಳಿದರು.

ಕೆನೆ ಗಟ್ಟಿಯಲ್ಲ. ನಾಲ್ಕನೆಯ ವಾರದ ಗುರುವಾರ ಹೋಟೆಲಿನ ಮ್ಯಾನೇಜರು ಫೋನು ಮಾಡಿ, ಹಿಂದಿನ ಸಂಜೆ ಬನ್ನು ತಿಂದ ಹನ್ನೊಂದು ಮಂದಿಗೆ ವಾಂತಿಯಾಗಿದೆ, ಇಬ್ಬರು ಆಸ್ಪತ್ರೆಯಲ್ಲಿದ್ದಾರೆ, ಇನ್ನು ಮುಂದೆ ಏನನ್ನೂ ಕಳಿಸುವುದು ಬೇಡ ಎಂದರು. ಅವರ ದನಿ ಏರಿರಲಿಲ್ಲ. ಏರಿದ್ದರೆ ಸೊಸೆಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು. ಮಧ್ಯಾಹ್ನ ಒಂದು ಕಾಗದವೂ ಬಂತು. ಏನು ಕಾರಣ ಎಂಬುದನ್ನು ವಾರದೊಳಗೆ ಬರೆದು ತಿಳಿಸಬೇಕು. ಕಾರಣ ಸರಿಯಾಗಿದ್ದು, ಸರಿಪಡಿಸಿದ್ದು ಕಂಡರೆ ಆರ್ಡರನ್ನು ಮತ್ತೆ ಪರಿಶೀಲಿಸಲಾಗುವುದು.

ಮನೆಯಲ್ಲಿ ಕಾರಣ ಹುಡುಕುವುದಕ್ಕೆ ವಾರ ಬೇಕಾಗಲಿಲ್ಲ. ಸೊಸೆಗೆ ಹಿಂದಿನ ವಾರ ನೆಗಡಿಯಿತ್ತು. ಅವಳು ತಲೆಗೆ ಬಟ್ಟೆ ಕಟ್ಟುವುದನ್ನು ಒಮ್ಮೊಮ್ಮೆ ಮರೆಯುತ್ತಾಳೆ. ಕೆನೆ ಕಡೆಯುವಾಗ ಫೋನಿನಲ್ಲಿ ಮಾತಾಡುತ್ತಾಳೆ. ಹೀಗೆ ಗಂಡ ಒಂದು, ಅತ್ತೆ ಒಂದು ನೆನಪಿಸಿಕೊಂಡರು. ಪಾತ್ರೆ ತೊಳೆಯುವ ಸ್ಪಂಜು ಹಳೆಯದು ಎಂದು ಅತ್ತೆ ಸೇರಿಸಿದರು. ಸೊಸೆ ಎಲ್ಲವನ್ನೂ ಕೇಳಿಸಿಕೊಂಡು ಸ್ಪಂಜನ್ನು ಬಿಸಾಡಿದಳು. ಯಜಮಾನರು ಮಾತ್ರ ಅವಳ ಮೇಲೆ ಏನೂ ಹೇಳಲಿಲ್ಲ. ಅದಕ್ಕಾಗಿ ಅವಳು ಆ ರಾತ್ರಿ ಊಟಕ್ಕೆ ಅವರಿಗೆ ಒಂದು ಚಮಚ ತುಪ್ಪ ಹೆಚ್ಚಿಗೆ ಬಡಿಸಿದಳು. ಅದು ಅವರ ಗಂಟಲಲ್ಲಿ ಹೇಗೆ ಇಳಿಯಿತೋ ಅವರೇ ಬಲ್ಲರು.

ಮರುದಿನ ಸಂಜೆ ಅವಳು ಕೆನೆಯ ಹದ ನೋಡುವ ಥರ್ಮಾಮೀಟರಿನ ಕಡ್ಡಿಯನ್ನು ಒಂದು ಲೋಟ ನೀರಿನಲ್ಲಿಟ್ಟು, ಲೋಟವನ್ನು ತನ್ನ ಖಾಲಿ ಸ್ಟ್ಯಾಂಡಿನ ಮೇಲಿಟ್ಟು ಬಂದಳು. ಅನುಮಾನದಿಂದ ಮಾಡಿದ್ದಲ್ಲ. ತನ್ನ ತಪ್ಪು ಏನೆಂದು ಬರೆಯುವ ಮೊದಲು ಏನೇನು ತಪ್ಪಲ್ಲ ಎಂಬುದನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಹೋಗಿ ನೋಡಿದರೆ ಬಾಗಿಲ ಮೇಲೆ ನಾಲ್ಕು, ಲೋಟದಲ್ಲಿ ಆರು. ಸಂಜೆ ಕಂಪ್ರೆಸರು ನಿಂತು ಮೂರು ಗಂಟೆ ಕಳೆದ ಮೇಲೆ ನೋಡಿದರೆ ಲೋಟದಲ್ಲಿ ಹತ್ತು. ಕಡ್ಡಿಯನ್ನು ಐಸಿನಲ್ಲಿಟ್ಟು ಪರೀಕ್ಷಿಸಿದಳು. ಅದು ಸೊನ್ನೆಯನ್ನೇ ತೋರಿಸಿತು.

ಗಂಡ ಏಣಿ ಹಾಕಿ ಹತ್ತಿದ. ಬಾಗಿಲ ಮೇಲಿನ ಥರ್ಮಾಮೀಟರಿನಿಂದ ಹೊರಟ, ತುದಿಯಲ್ಲಿ ತಂಪನ್ನು ಅಳೆಯುವ ತೆಳ್ಳನೆಯ ವಯರು ಕೋಣೆಯ ನಡುವೆ ಇಳಿಬೀಳಬೇಕು. ಅದು ಗೋಡೆಯುದ್ದಕ್ಕೂ ನೀಟಾಗಿ ಹರಿದು, ಒಳಗಿನ ಫ್ಯಾನಿನ ಬಾಯಿಗೆ, ಆಗಷ್ಟೇ ತಂಪಾದ ಗಾಳಿ ನುಗ್ಗುವ ಜಾಗಕ್ಕೆ ಹೋಗಿ ಮುಟ್ಟಿತ್ತು. ಅಲ್ಲಿ ಎರಡು ಕ್ಲಿಪ್ಪು ಹಾಕಿ ಬಿಗಿದಿತ್ತು. ಕ್ಲಿಪ್ಪುಗಳಿಗೆ ಗೋಡೆಯದೇ ಬಣ್ಣ. ಅಷ್ಟು ಅಚ್ಚುಕಟ್ಟಾದ ಕೆಲಸ ಆ ಬೀದಿಯಲ್ಲಿ ಒಬ್ಬರದೇ.

ಯಜಮಾನರು ಏನನ್ನೂ ಅಲ್ಲಗಳೆಯಲಿಲ್ಲ. ಊಟದ ತಟ್ಟೆಯ ಮುಂದೆ ಕೂತು ಹೇಳಿದರು. ಹದಿಮೂರು ವರ್ಷದ ಹಿಂದೆ ಕರೆಂಟಿನ ದರ ಒಂದೇ ಸಲ ಒಂದೂವರೆ ಪಟ್ಟಾಗಿತ್ತು. ವ್ಯಾಪಾರಿಗಳು ಬಾಡಿಗೆ ಏರಿಸಲು ಬಿಡಲಿಲ್ಲ, ಅಂಕಿ ಏರಿಸಲೂ ಬಿಡಲಿಲ್ಲ.

"ಹಣ್ಣಿಗೆ ನಾಲ್ಕು ಸಾಕು. ವ್ಯಾಪಾರಿಗಳಿಗೆ ಎರಡು ಬೇಕು. ಹಣ್ಣಿಗೆ ನಾಲ್ಕು ಕೊಟ್ಟೆ, ಅವರಿಗೆ ಎರಡು ಕೊಟ್ಟೆ. ಯಾರಿಗಾದ್ರೂ ಮೋಸ ಆಯ್ತಾ? ಹದಿಮೂರು ವರ್ಷದಲ್ಲಿ ಒಂದು ಹಣ್ಣು ಕೊಳೆತಿಲ್ಲ."

"ನಾಲ್ಕು ಮಾಡ್ತೀನಿ ಅಂದಾಗ ಹೇಳಬಾರದಿತ್ತಾ, ಅಪ್ಪ?"

"ಬೇಡ ಅಂದೆನಲ್ಲ."

"ಬೇಡ ಅನ್ನೋದು ಹೇಳಿದ ಹಾಗಾ?"

"ಆ ಮನುಷ್ಯನ ಮುಂದೆ ಹೇಳಬೇಕಿತ್ತಾ? ಉಳಿತಾಯ ಕಲಿಸೋಕೆ ಬಂದವನ ಮುಂದೆ?" ಯಜಮಾನರ ದನಿಯಲ್ಲಿ ಬೇಸರಕ್ಕಿಂತ ಹೆಚ್ಚಾಗಿ ಒಂದು ಕಸುಬುದಾರನ ಅವಮಾನವಿತ್ತು. ತಜ್ಞರು ಪುಸ್ತಕ ನೋಡಿ ಹೇಳಿದ್ದನ್ನು ಅವರು ಹದಿಮೂರು ವರ್ಷ ಮೊದಲೇ, ಎರಡು ಕ್ಲಿಪ್ಪಿನ ಖರ್ಚಿನಲ್ಲಿ ಮಾಡಿ ಮುಗಿಸಿದ್ದರು. ತಜ್ಞರು ಅದರ ಮೇಲೆ ಇನ್ನೆರಡು ಡಿಗ್ರಿ ಉಳಿಸಿದ್ದರು, ಅಷ್ಟೇ.

ಸೊಸೆ ಅಲ್ಲಿಯವರೆಗೆ ನಿಂತೇ ಇದ್ದಳು. "ಮಾವ," ಎಂದಳು, "ನನ್ನ ಬನ್ನು ಕೆಳಗಿದೆ ಅಂತ ನಿಮಗೆ ಗೊತ್ತಿತ್ತಲ್ಲ."

ಅವರು ತಟ್ಟೆಯ ಅಂಚಿನ ಅಗುಳುಗಳನ್ನು ಬೆರಳಿನಿಂದ ಒಟ್ಟುಮಾಡಿದರು. "ಆರರಲ್ಲಿ ಕೆನೆನೂ ತಡ್ಕೊಳ್ಳುತ್ತೆ ಅಂದ್ಕೊಂಡಿದ್ದೆ. ಸಂಜೆ ನಿಲ್ಲಿಸಿ ಹತ್ತಕ್ಕೆ ಏರಿಸಿದ್ದು ನಾನಲ್ಲ."

ಹೀಗೆ ನಾಲ್ಕು ಡಿಗ್ರಿ ಮಗನ ಪಾಲಿಗೆ, ಎರಡು ಡಿಗ್ರಿ ಅಪ್ಪನ ಪಾಲಿಗೆ ಬಂತು. ಆ ವಾರದ ಊಟಗಳೆಲ್ಲ ಈ ಪಾಲುಪಟ್ಟಿಯಲ್ಲೇ ಮುಗಿದವು. ಹನ್ನೊಂದು ಮಂದಿಯ ವಾಂತಿ ಮಾತ್ರ ಯಾರ ಪಾಲಿಗೂ ಹೋಗದೆ ಸೊಸೆಯ ಹತ್ತಿರವೇ ಉಳಿಯಿತು. ಹೋಟೆಲಿಗೆ ಬರೆಯಬೇಕಾದ ಕಾಗದದ ಗಡುವು ಬುಧವಾರ. ನಿಜ ಬರೆಯುತ್ತೇನೆ, ಸರಿಪಡಿಸಿದ್ದೇವೆ ಅಂತಲೂ ಬರೆಯುತ್ತೇನೆ, ಮತ್ತೆ ಆರ್ಡರು ಸಿಗುತ್ತದೆ ಎಂದಳು.

ಗಂಡ ಗಾಬರಿಯಾದ. ಹೋಟೆಲಿಗೆ ಹಣ್ಣು ಕೊಡುವವರೇ ಕೆಳಗೆ ಪೆಟ್ಟಿಗೆ ಇಡುವವರು. ಅಂಕಿ ಸುಳ್ಳು ಹೇಳುತ್ತಿತ್ತು ಎಂದು ಕಾಗದದಲ್ಲಿ ಬಿದ್ದರೆ ಆರೂ ಮಂದಿ ಸಂಜೆಯೊಳಗೆ ಪೆಟ್ಟಿಗೆ ಎತ್ತುತ್ತಾರೆ. ಹದಿಮೂರು ವರ್ಷದ ಬಾಡಿಗೆ ವಾಪಸು ಕೇಳಿದರೂ ಕೇಳಿದರೇ.

"ನಿನ್ನ ಬನ್ನು ಹೋದ್ರೆ ಒಂದು ಆರ್ಡರು ಹೋಗುತ್ತೆ. ಕೋಣೆ ಹೋದ್ರೆ ಮನೇನೇ ಹೋಗುತ್ತೆ. ನೆಗಡಿ ಇತ್ತು, ಗಮನಿಸಲಿಲ್ಲ ಅಂತ ಬರಿ. ಯಾರಿಗೆ ನೆಗಡಿ ಬರಲ್ಲ?"

"ನನ್ನ ಕೈ ಕೊಳಕು ಅಂತ ನಾನೇ ಬರೆದುಕೊಡಬೇಕಾ?"

"ಕೊಳಕು ಅಂತ ಯಾರು ಹೇಳಿದ್ರು? ನೆಗಡಿ ಅಂತ."

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಅವರೆಕಾಳು ಬಿಡಿಸುತ್ತಿದ್ದರು. "ಬರೆದುಬಿಡಮ್ಮ," ಎಂದರು. "ನಾನೂ ಈ ಮನೇಲಿ ಎಷ್ಟೋ ಸಲ ನನ್ನದಲ್ಲದ್ದಕ್ಕೆ ಹೂಂ ಅಂದಿದೀನಿ. ಬದುಕಿಲ್ವಾ?"

ಬುಧವಾರ ಅವಳು ಬರೆದಳು. ಗಂಡ ಹೇಳಿಕೊಟ್ಟ ಮಾತುಗಳನ್ನೇ, ತನ್ನ ದುಂಡಗಿನ ಅಕ್ಷರದಲ್ಲಿ. ಸಹಿ ಹಾಕುವ ಮೊದಲು ಪೆನ್ನು ಕೆಳಗಿಟ್ಟು ಒಂದೇ ಒಂದು ಷರತ್ತು ಹೇಳಿದಳು. ವಯರನ್ನು ಫ್ಯಾನಿನ ಬಾಯಿಂದ ತೆಗೆದು ಕೋಣೆಯ ನಡುವೆ ಇಳಿಬಿಡಬೇಕು. ಹೊರಗೆ ಎಷ್ಟು ತೋರಿಸುತ್ತದೋ ಒಳಗೆ ಅಷ್ಟಿರಬೇಕು. ಸಂಜೆ ನಿಲ್ಲಿಸಕೂಡದು. ಅಪ್ಪ, ಮಗ ಇಬ್ಬರೂ ಒಪ್ಪಿದರು. ತಿಂಗಳಲ್ಲಿ ಅವರಿಬ್ಬರೂ ಕೂಡಿ ಒಪ್ಪಿದ ಮೊದಲ ಮಾತು ಅದು. ಯಜಮಾನರು ಅವಳೆದುರಿಗೇ ಏಣಿ ಹತ್ತಿ ಕ್ಲಿಪ್ಪು ಬಿಚ್ಚಿದರು. ಅವಳು ಸಹಿ ಹಾಕಿದಳು.

ಹೋಟೆಲಿನಿಂದ ಎರಡು ಸಾಲಿನ ಉತ್ತರ ಬಂತು. ಆರ್ಡರು ರದ್ದು. ಗೋಡೆಯ ಕಾಗದವನ್ನು ಅವಳು ಕೀಳಲಿಲ್ಲ, ಅತ್ತೆಯೇ ಒಂದು ದಿನ ಅದರ ಮೇಲೆ ಕ್ಯಾಲೆಂಡರು ತೂಗಿಹಾಕಿದರು. ಬೇಕರಿಯವರಿಗೂ ಸುದ್ದಿ ಮುಟ್ಟಿತ್ತು. ಒಬ್ಬ ಅವಳನ್ನು ಕಂಡು, ಈಗ ನೆಗಡಿ ಹೇಗಿದೆ ಎಂದು ವಿಚಾರಿಸಿದ. ಕೆನೆಯ ಪಾತ್ರೆಗಳು ಅಟ್ಟಕ್ಕೆ ಹೋದವು. ಕೋಲ್ಡ್ ರೂಮಿಗೆ ಇಳಿಯುವ ಕೆಲಸ ಅವಳಿಗೆ ಉಳಿಯಲಿಲ್ಲ. ಹಾಲನ್ನು ಅತ್ತೆ ಅಷ್ಟರಲ್ಲಾಗಲೇ ದಿನದ ಲೆಕ್ಕಕ್ಕೆ ತರಿಸಿ ಅಂದೇ ಖಾಲಿ ಮಾಡುವುದನ್ನು ಕಲಿತಿದ್ದರು.

ಮುಂದಿನ ಬಿಲ್ಲೂ ಕಡಿಮೆಯೇ ಬಂತು. ಗಂಡ ಈ ಸಲ ಅದನ್ನು ಮೇಜಿನ ಮೇಲೆ ಹರಡಲಿಲ್ಲ. ಬಿಲ್ಲು ಇಳಿದದ್ದು ಬಾಗಿಲ ಹೊಸ ರಬ್ಬರಿನ ಪ್ರಭಾವ ಎಂದು ಅವಳು ತಿಳಿದಳು.

ಒಂದೂವರೆ ತಿಂಗಳ ಮೇಲೆ ಮ್ಯಾನೇಜರು ಅವಳನ್ನು ಕರೆಸಿದರು. ಅವಳ ಇಪ್ಪತ್ತು ತಟ್ಟೆಗಳು ಅಲ್ಲೇ ಉಳಿದಿದ್ದವು, ತೊಳೆಸಿ ಕಟ್ಟಿಸಿಟ್ಟಿದ್ದರು. ಕೂರಿಸಿ ಚಹಾ ಕೊಡಿಸಿದರು. ಕಾಗದದಲ್ಲಿ ಅಷ್ಟು ನೇರವಾಗಿ ತಪ್ಪೊಪ್ಪಿಕೊಂಡವರನ್ನು ತಾವು ಕಂಡಿಲ್ಲ, ಬನ್ನಿನ ವಿಷಯ ತಮ್ಮ ಕೈಯಲ್ಲಿಲ್ಲ, ಆದರೆ ಇನ್ನೊಂದು ವಿಷಯವಿದೆ ಎಂದರು. ಹೋಟೆಲಿನ ಸ್ವಂತ ಕೋಲ್ಡ್ ರೂಮಿನ ಕರೆಂಟು ಬಿಲ್ಲು ಕಟ್ಟಿ ಮಾಲೀಕರಿಗೆ ಸಾಕಾಗಿತ್ತು. ಅದನ್ನು ಮುಚ್ಚಿ, ಹಾಲು, ಬೆಣ್ಣೆ, ಮಾಂಸವನ್ನೆಲ್ಲ ಹೊರಗೆ ಬಾಡಿಗೆಗೆ ಇಡುವ ಯೋಚನೆ.

"ನಿಮ್ಮ ಮನೆಯವರದೇ ಒಂದಿದೆಯಂತಲ್ಲ. ಹೇಗಿದೆ? ನೀವು ಹೇಳಿದ್ರೆ ನಂಬ್ತೀನಿ."

ಅವಳಿಗೆ ಹೇಳಲು ಹಿಂಜರಿಯುವ ಕಾರಣ ಏನೂ ಕಾಣಲಿಲ್ಲ. ಅವಳು ಸಹಿಯ ಬೆಲೆ ತೆತ್ತು ಸರಿಮಾಡಿಸಿದ ಕೋಣೆ ಅದು.

"ಹೊರಗೆ ಎಷ್ಟು ತೋರಿಸುತ್ತೋ ಒಳಗೆ ಅಷ್ಟೇ ಇರುತ್ತೆ, ಸರ್. ನನ್ನ ಮಾತು ಬೇಡ, ನೀವೇ ಬಂದು ಅಳೆದು ನೋಡಿ."

ಅಳೆಯುವವರನ್ನೇ ಕರೆದುಕೊಂಡು ಬರುತ್ತೇನೆ, ನಾಳೆ ಬೆಳಿಗ್ಗೆ ಆರಕ್ಕೆ, ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಎಂದರು ಮ್ಯಾನೇಜರು. ಆ ಹೊತ್ತಿಗೆ ಹಣ್ಣಿನವರೂ ಪೆಟ್ಟಿಗೆ ತೆಗೆಯಲು ಬಂದು ನಿಂತಿರುತ್ತಾರೆ, ಬಾಗಿಲು ಹೇಗೂ ತೆರೆದಿರುತ್ತದೆ ಎಂದಳು ಅವಳು. ತಟ್ಟೆಗಳ ಕಟ್ಟು ಹೊತ್ತು ಮನೆಗೆ ನಡೆದಳು. ಭಾರವೇನೂ ಆಗಲಿಲ್ಲ.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಸುದ್ದಿ ಹೇಳಿದಳು. ಹೋಟೆಲಿನ ಬಾಡಿಗೆಯೆಂದರೆ ಆರೂ ವ್ಯಾಪಾರಿಗಳನ್ನು ಸೇರಿಸಿದ್ದಕ್ಕಿಂತ ಹೆಚ್ಚು. ಅತ್ತೆ ಅವಳ ಬೆನ್ನು ಸವರಿದರು. ಗಂಡ ತಿನ್ನುವುದನ್ನು ನಿಲ್ಲಿಸಿದ.

"ಚೆನ್ನಾಗಿದೆ ಅಂದೆ ತಾನೆ?"

"ಅಳೆದು ನೋಡಿ ಅಂದೆ."

"ಅಳೆದು ಯಾಕೆ? ಚೆನ್ನಾಗಿದೆ ಅಂದಿದ್ರೆ ಸಾಕಿತ್ತಲ್ಲ."

ಗಂಡ ಅಪ್ಪನನ್ನು ನೋಡಿದ. ಅಪ್ಪ ಉಪ್ಪಿನ ಬಟ್ಟಲನ್ನು ನೋಡಿದರು. ಕಳೆದ ಸಲದ ಬಿಲ್ಲನ್ನು ಗಂಡ ಯಾಕೆ ಮೇಜಿನ ಮೇಲೆ ಹರಡಲಿಲ್ಲ ಎಂದು ಸೊಸೆಗೆ ತಿಳಿಯಿತು. ಅವಳು ಕೇಳಿದ್ದಕ್ಕೆ ಅತ್ತೆಯೇ ಉತ್ತರ ಹೇಳಬೇಕಾಯಿತು. ವಯರನ್ನು ಒಂಬತ್ತು ದಿನ ಕೋಣೆಯ ನಡುವೆ ಇಟ್ಟಿದ್ದರಂತೆ. ಮೀಟರು ಓಡುವುದನ್ನು ನೋಡಿ ಹತ್ತನೆಯ ದಿನ ವಯರು ಮತ್ತೆ ಫ್ಯಾನಿನ ಬಾಯಿಗೆ ಹೋಯಿತಂತೆ. ಹೊರಗೆ ನಾಲ್ಕು, ಒಳಗೆ ಆರು. ಸಂಜೆ ನಿಲ್ಲಿಸುವುದಿಲ್ಲ, ಆ ಒಂದು ಮಾತು ಉಳಿಸಿಕೊಂಡಿದ್ದೇವೆ ಎಂದ ಗಂಡ.

"ಎಷ್ಟು ಗಂಟೆಗೆ ಬರ್ತಾರಂತೆ?" ಎಂದು ಯಜಮಾನರು ಕೇಳಿದರು.

"ಈಗಲೇ ಹೋಗಿ ಸರಿಮಾಡಿಬಿಡೋಣ ಅಪ್ಪ," ಎಂದ ಮಗ, ಅರ್ಧ ಎದ್ದು.

"ಕೂತ್ಕೊಳೋ. ಈಗಿಂದ ಬೆಳಗಾಗೋವರೆಗೂ ಓಡಿಸೋದು ಯಾರ ದುಡ್ಡು? ಎರಡು ಡಿಗ್ರಿ ಇಳಿಸೋಕೆ ಎರಡು ಗಂಟೆ ಧಾರಾಳ. ಅವರು ಬರೋ ಹೊತ್ತು ಗೊತ್ತಾದ್ರೆ ಅಷ್ಟು ಮುಂಚೆ ಹೋಗಿ ವಯರು ಇಳಿಸಿದ್ರೆ ಆಯ್ತು." ಮಗ ಒಂದು ಕ್ಷಣ ಯೋಚಿಸಿ, ಲೆಕ್ಕ ಸರಿಯಾಗಿದೆ ಎಂದು ಕೂತ. ಯಜಮಾನರು ಸೊಸೆಯ ಕಡೆ ತಿರುಗಿದರು. "ಎಷ್ಟಕ್ಕಮ್ಮ?"

"ಹತ್ತಕ್ಕೆ, ಮಾವ," ಎಂದಳು ಅವಳು. ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. "ನಿಧಾನವಾಗಿ ಎದ್ದರೆ ಸಾಕು."